ಯಂತ್ರದ ಉಡಿ

ನಮ್ಮ ಮನೆಗೆ ಸೊಸೆ ಬಂದ ದಿನ ಕೂಡ ಇಷ್ಟು ಗದ್ದಲ ಆಗಿರಲಿಲ್ಲ. ಕೊಲ್ಹಾಪುರದಿಂದ ಟೆಂಪೊದಲ್ಲಿ ಆ ಯಂತ್ರ ಬಂದಾಗ ಓಣಿಯ ಅರ್ಧ ಜನ ನಮ್ಮ ಬಾಗಿಲಲ್ಲಿ ನಿಂತಿದ್ದರು. ಕಟ್ಟಿಗೆಯ ಪೆಟ್ಟಿಗೆ ಬಿಚ್ಚಿದರೆ ಒಳಗೆ ಬಿಳಿ ಬಣ್ಣದ, ಮೇಲೆ ಮುಚ್ಚಳವಿದ್ದ, ಮೇಜಿನ ಮೇಲೆ ಇಡುವಷ್ಟೇ ದೊಡ್ಡದಾದ ಡಬ್ಬಿ. ಆದರೆ ಎತ್ತಲು ಹೋದ ನಾಲ್ಕು ಗಂಡಸರಿಗೂ ಏದುಸಿರು ಬಂತು.

"ಇದೇನೋ ಜಿನಗೊಂಡಣ್ಣಾ, ಬಟ್ಟಿ ಒಗಿಯೋ ಮಿಷಿನ್ ಇಷ್ಟ ಗಿಡ್ಡ ಬರಾಕತ್ತಾವೇನ?" ಎಂದು ಎದುರು ಮನೆಯ ಬಾಳಗೊಂಡ ಕೇಳಿದ.

ನನಗೂ ಹಾಗೇ ಅನಿಸಿತ್ತು. ಆದರೆ ಯಜಮಾನ ಅನಿಸಿಕೊಂಡವನು ಅಂಥದ್ದನ್ನೆಲ್ಲ ಬಾಯಿ ಬಿಟ್ಟು ಹೇಳಬಾರದು. "ಸೆಂಟ್ರಿಫ್ಯೂಜ್" ಎಂದೆ, ಹುಟ್ಟಿದಾಗಿನಿಂದ ಅದೇ ಶಬ್ದವನ್ನು ಹೇಳುತ್ತ ಬಂದವನ ಗತ್ತಿನಲ್ಲಿ.

ಯಂತ್ರ ಬಂದದ್ದು ನನ್ನ ಸೊಸೆ ಮೃಣಾಲಳಿಗೆ. ಅವಳು ಡಾಕ್ಟರು. ಜಯಸಿಂಗಪುರದ ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ, ಮೊದಲು ನಾನು ದಾನೋಳಿ ಹೊಲಕ್ಕೆ ಒಯ್ಯುವ ಗೊಬ್ಬರದ ಚೀಲ ಒಟ್ಟುತ್ತಿದ್ದ ಜಾಗದಲ್ಲಿ, ರಕ್ತ ತಪಾಸಣೆಯ ಲ್ಯಾಬ್ ಇಟ್ಟಿದ್ದಾಳೆ. ಯಂತ್ರದ ಕೆಲಸವನ್ನು ಅವಳು ನನಗೆ ತಿಳಿಸಿ ಹೇಳಿದಳು. ರಕ್ತದ ಕೊಳವೆಗಳನ್ನು ಒಳಗಿಟ್ಟು ಗರಗರ ತಿರುಗಿಸಿದರೆ ಕೆಂಪು ಕೆಳಗೆ ಕೂಡುತ್ತದೆ, ಹಳದಿ ನೀರು ಮೇಲೆ ನಿಲ್ಲುತ್ತದೆ. ತಿರುಗಿಸುವ ಯಂತ್ರ ಅವಳ ಹತ್ತಿರ ಮೊದಲೂ ಒಂದಿತ್ತು. ಇದರ ಹೆಚ್ಚುಗಾರಿಕೆ ಏನೆಂದರೆ ತಿರುಗುವಾಗಲೂ ಹೊಟ್ಟೆಯೊಳಗೆ ಫ್ರಿಜ್ಜಿನಷ್ಟು ತಂಪು. ಕೆಲವು ತಪಾಸಣೆಯ ರಕ್ತಕ್ಕೆ ಸೆಖೆ ತಾಕಿದರೆ ಅದು ಸುಳ್ಳು ಹೇಳುತ್ತದಂತೆ. ಮನುಷ್ಯರನ್ನು ತಿರುಗಿಸಿ ತಂಪು ಮಾಡುವ ಯಂತ್ರ ಬಂದಿದ್ದರೆ ಮೊದಲು ನನ್ನ ಹೆಂಡತಿ ಮಂಗಲಳಿಗೆ ಒಂದು ತರಿಸುತ್ತಿದ್ದೆ.

ಈ ಖಟಾಟೋಪವೆಲ್ಲ ಇಚಲಕರಂಜಿಯ ಡಾಕ್ಟರ್ ಕೇದಾರ ಅವರ ಸಲುವಾಗಿ. ಅವರದು ಮಕ್ಕಳ ಆಸ್ಪತ್ರೆ. ಎಳೆ ಕೂಸುಗಳ ಒಂದು ರಕ್ತ ತಪಾಸಣೆಗೆ ಈ ತಂಪು ಯಂತ್ರವೇ ಬೇಕು, ಅದಕ್ಕಾಗಿ ಅವರು ಕೊಲ್ಹಾಪುರಕ್ಕೆ ಓಡಬೇಕಾಗುತ್ತಿತ್ತು. "ನಮ್ಮಲ್ಲೇ ಮಾಡ್ತೇನ್ರಿ" ಎಂದು ಮೃಣಾಲ ಮಾತು ಕೊಟ್ಟಿದ್ದಳು. ಅವರು ಸೋಮವಾರ ಬಂದು ಕಣ್ಣಾರೆ ನೋಡುವವರಿದ್ದರು. ಒಪ್ಪಿದರೆ ತಮ್ಮ ಆಸ್ಪತ್ರೆಯ ರಕ್ತವನ್ನೆಲ್ಲ ಇಲ್ಲಿಗೇ ಕಳಿಸುವರು. ಒಪ್ಪದಿದ್ದರೆ ಊರ ಮಂದಿಯ ಸಕ್ಕರೆ ತಪಾಸಣೆಯನ್ನಷ್ಟೇ ನಂಬಿ ಲ್ಯಾಬ್ ನಡೆಯುವಂತಿರಲಿಲ್ಲ. ಬಾಗಿಲು ಹಾಕಿ ಕೊಲ್ಹಾಪುರದ ದೊಡ್ಡ ಲ್ಯಾಬಿನ ನೌಕರಿ ಹಿಡಿಯುತ್ತೇನೆಂದು ಅವಳು ಹೇಳಿಬಿಟ್ಟಿದ್ದಳು.

ಆ ನೌಕರಿಯ ಮಾತು ಬಂದ ದಿನದಿಂದ ಮಂಗಲಳಿಗೆ ಅನ್ನ ರುಚಿಸಿರಲಿಲ್ಲ. ನಾವು ಜೈನರು, ಹೊತ್ತು ಮುಳುಗುವ ಮೊದಲು ಉಣ್ಣುವವರು. ಮಗ ಹರ್ಷದ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಅವನ ಊಟ ಡಬ್ಬಿಯಲ್ಲೇ. ಹಾಗಾಗಿ ಸಂಜೆಗೆ ನಾವು ಮೂವರೇ. ಲ್ಯಾಬಿನಲ್ಲಿ ಎಷ್ಟೇ ಕೆಲಸವಿರಲಿ, ಪಡಸಾಲೆಯ ಕಿಡಕಿಯಲ್ಲಿ ಬಿಸಿಲು ಕೆಂಪಾಗುವ ಹೊತ್ತಿಗೆ ಮೃಣಾಲ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಅತ್ತೆ-ಸೊಸೆ ಎದುರುಬದುರು ಕೂತು ಭಕ್ರಿ ಮುರಿಯುತ್ತ ಊರಿನ ಸುದ್ದಿಯನ್ನೆಲ್ಲ ಮುರಿಯುತ್ತಿದ್ದರು. ಕೊಲ್ಹಾಪುರದ ನೌಕರಿಯಾದರೆ ಅವಳು ಮನೆ ಮುಟ್ಟುವುದೇ ದೀಪ ಹಚ್ಚಿದ ಮೇಲೆ.

"ಅಕಿ ಎಲ್ಲೋ ಕ್ಯಾಂಟೀನದಾಗ ಒಬ್ಬಾಕೆ ಉಣ್ಣಾಕಿ, ನಾ ಇಲ್ಲಿ ನಿಮ್ಮ ಮಾರಿ ನೋಡಕೋಂತ ಉಣ್ಣಾಕಿ" ಎಂದು ಮಂಗಲ ನನ್ನ ಮೇಲೆ ಹರಿಹಾಯ್ದಳು, ಕೊಲ್ಹಾಪುರವನ್ನು ಅಲ್ಲಿಟ್ಟವನೇ ನಾನು ಎಂಬಂತೆ. ನನ್ನ ಮುಖದಲ್ಲಿ ಏನು ಕಡಿಮೆ ಇದೆ ಎಂದು ನಾನು ಕೇಳಲಿಲ್ಲ. ಮೃಣಾಲ ಇಲ್ಲದ ಪಂಕ್ತಿ ನನಗೂ ಬೇಡವಾಗಿತ್ತು.

ಆದ್ದರಿಂದ ಯಂತ್ರ ಬಂದಾಗ ಮಂಗಲ ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು. ಅರಿಸಿನ ಕುಂಕುಮ ಹಚ್ಚಬೇಕು, ತೆಂಗಿನಕಾಯಿ ಒಡೆಯಬೇಕು, ಮಡಿಲಿಗೆ ಅಕ್ಕಿ ಅಡಿಕೆ ಹಾಕಿ ಉಡಿ ತುಂಬಬೇಕು. ಮನೆಗೆ ಬಂದ ಹೆಣ್ಣಿಗೆ ಮಾಡುವುದೆಲ್ಲ ಇದಕ್ಕೂ ಆಗಬೇಕು.

"ಅತ್ತಿ, ಇದು ಹೆಣ್ಣ ಅಂತ ನಿಮಗ್ಯಾರ ಹೇಳಿದ್ರು?" ಎಂದು ಮೃಣಾಲ ನಕ್ಕಳು.

"ಮನಿ ಉಳಸಾಕ ಬಂದೇತಿ ಅಂದ ಮ್ಯಾಲೆ ಹೆಣ್ಣ ಅಲ್ಲದ ಇನ್ನೇನ?"

ಮೃಣಾಲ ಕೈ ಮುಗಿದಳು. "ದೂರಿಂದ ಆರತಿ ಎತ್ರಿ. ಅದರ ಮೈಗೆ ಕುಂಕುಮದ ಒಂದ ಹಳಕೂ ಬೀಳಬಾರದ. ಮುಚ್ಚಳಾ ಅಂತೂ ಮುಟ್ಟಲೇ ಬ್ಯಾಡ್ರಿ."

"ಆತ ಬಿಡವಾ" ಎಂದಳು ಮಂಗಲ. ನನ್ನ ಹೆಂಡತಿ ಇಷ್ಟು ಲಗೂನ ಒಪ್ಪಿಕೊಂಡಳೆಂದರೆ ಒಪ್ಪಿಲ್ಲ ಎಂದೇ ಅರ್ಥ. ನಲವತ್ತು ವರ್ಷ ಬಾಳ್ವೆ ಮಾಡಿದವನಿಗೆ ಇದು ತಿಳಿಯಬೇಕಿತ್ತು.

ಲ್ಯಾಬಿನಲ್ಲಿ ಮೃಣಾಲಳ ಕೈಕೆಳಗೆ ಕೆಲಸ ಮಾಡುವವನು ಸಿದ್ರಾಮ. ಗಡಹಿಂಗ್ಲಜದವನು, ಮಾತು ಕೂಡ ಅಲ್ಲಿಯ ಮೆಣಸಿನಕಾಯಿ ಪೇಟೆಯಿಂದಲೇ ತಂದದ್ದು. ಯಂತ್ರದ ಮುಚ್ಚಳ ತೆಗೆದು ಅವನು ನಮಗೆ ಒಳಗನ್ನು ತೋರಿಸಿದ. ನಡುವೆ ಗೂಟ, ಅದಕ್ಕೆ ತೂಗುಬಿದ್ದ ನಾಲ್ಕು ಕಪ್ಪು ಬಟ್ಟಲು. ಬಟ್ಟಲೊಳಗೆ ಪ್ಲಾಸ್ಟಿಕ್ಕಿನ ಗೂಡು, ಗೂಡಿನೊಳಗೆ ಕೊಳವೆ.

"ಒಂಟಿ ಕೊಳವಿ ಇಟ್ರ ಮಿಷಿನ್ ಕುಣಿತೈತ್ರಿ. ಎದರಿಗೆ ಜೋಡಿ ಬೇಕ, ತೂಕ ಬರೋಬರ ಇರಬೇಕ. ಜೋಡಿ ಸಿಗಲಿಲ್ಲಂದ್ರ ಇನ್ನೊಂದ ಕೊಳವ್ಯಾಗ ನೀರ ತುಂಬಿ ಇಡೋದು" ಎಂದ.

"ಅಂದ್ರ ನಮ್ಮ ಲಗ್ನ ಆದಂಗ ಆತ" ಎಂದೆ ನಾನು.

"ಹೌದಲಾ" ಎಂದಳು ಮಂಗಲ. "ಜೋಡಿ ಸಿಗಲಿಲ್ಲ, ನಮ್ಮಪ್ಪ ನನ್ನ ಎದರಿಗೆ ನೀರ ತುಂಬಿ ಇಟ್ಟಾನ." ಸಿದ್ರಾಮ ಹೊಟ್ಟೆ ಹಿಡಿದುಕೊಂಡು ನಕ್ಕ. ಮೃಣಾಲ ಕೂಡ ನಕ್ಕದ್ದು ನನಗೆ ಸರಿಬರಲಿಲ್ಲ.

ಸೋಮವಾರ ಬಂತು. ಮುಂಜಾನೆಯೇ ಸಿದ್ರಾಮ ಯಂತ್ರವನ್ನು ತಂಪಿಗೆ ಹಾಕಿ, ಪ್ಲಾಸ್ಟಿಕ್ಕಿನ ಗೂಡುಗಳನ್ನು ಹೊರಗೆ ತೆಗೆದು ತೊಳೆದು ಒಣಗಲು ಇಟ್ಟು ಚಹಾಕ್ಕೆ ಹೋದ. ಮೃಣಾಲ ಮೇಲೆ ಸ್ನಾನಕ್ಕೆ ಹೋದಳು. ಮಂಗಲ ಇಳಕಲ್ ಸೀರೆ ಉಟ್ಟು, ಮೇಲೆ ಕಣ (ಅಂದರೆ ಕುಪ್ಪಸದ ಬಟ್ಟೆ) ಮುಚ್ಚಿದ ತಟ್ಟೆ ಹಿಡಿದು ಮೆಟ್ಟಿಲಿಳಿದಳು. ಬಸದಿಗೆ ಪದ್ಮಾವತಿ ದೇವಿಯ ಉಡಿ ತುಂಬಲು ಹೊರಟಿದ್ದಾಳೆ ಎಂದುಕೊಂಡು ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ಅವಳು ತೀರ ಬೇಗ ತಿರುಗಿ ಬಂದಳು. ಪದ್ಮಾವತಿಗೆ ಇಂದು ಗರ್ದಿ ಇರಲಿಕ್ಕಿಲ್ಲ ಎಂದುಕೊಂಡೆ.

ಡಾಕ್ಟರ್ ಕೇದಾರ ಹೇಳಿದ ವೇಳೆಗೆ ಬಂದರು. ತೆಳ್ಳಗೆ, ಉದ್ದಕ್ಕೆ, ನಗುವನ್ನು ಇಚಲಕರಂಜಿಯ ಮಗ್ಗದ ಸಪ್ಪಳದಲ್ಲಿ ಎಲ್ಲೋ ಕಳೆದುಕೊಂಡು ಬಂದವರ ಹಾಗಿದ್ದರು. ಚಹಾ ಬೇಡ, ನೀರು ಬೇಡ, ಮೊದಲು ಯಂತ್ರ. ಯಾರದಾದರೂ ರಕ್ತವನ್ನು ತಮ್ಮ ಎದುರೇ ತೆಗೆಯಬೇಕು, ತಂಪಿನಲ್ಲಿ ತಿರುಗಿಸಬೇಕು, ಮೇಲೆ ನಿಂತ ಹಳದಿ ನೀರು ಕೆಂಪಿನ ಸೋಂಕಿಲ್ಲದೆ ತಿಳಿಯಾಗಿರಬೇಕು. ಇದು ಅವರ ಪರೀಕ್ಷೆ. ಮೃಣಾಲ ಗುಂಡಿ ಒತ್ತಿದಳು. ಮುಚ್ಚಳ ಮೆಲ್ಲಗೆ ಮೇಲೆದ್ದಿತು.

ಒಳಗೆ ಅಕ್ಕಿ. ಅಕ್ಕಿಯ ಮೇಲೆ ಖೊಬ್ಬರಿ ಬಟ್ಟಲು, ಅರಿಸಿನ ಬೇರು, ಉತ್ತತ್ತಿ, ಅಡಿಕೆ, ಬೆಲ್ಲದ ಚೂರು. ನಡುವಿನ ಗೂಟಕ್ಕೆ ಕುಂಕುಮ. ಗೂಟದ ಮೇಲೆ ಹಸಿರು ಕಣ ಚೆಂದಾಗಿ ಮಡಿಚಿ ಇಟ್ಟಿತ್ತು.

ಡಾಕ್ಟರ್ ಕೇದಾರ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಕಾಯ್ ಹೋ ಡಾಕ್ಟರ್, ಹೇ ಕುಠಲಂ ಸ್ಯಾಂಪಲ್?" ಎಂದು ಮರಾಠಿಯಲ್ಲಿ ಕೇಳಿದರು. ಇದು ಯಾವ ತಪಾಸಣೆಯ ಸ್ಯಾಂಪಲ್ಲು ಎಂದು ಅವರ ಪ್ರಶ್ನೆ. ಬಾಗಿಲ ಮರೆಯಲ್ಲಿದ್ದ ಇಳಕಲ್ ಸೀರೆ ಸರಸರ ಮೆಟ್ಟಿಲು ಹತ್ತಿತು. ಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡ ಸಪ್ಪಳ ಕೇಳಿಸಿತು.

ಮೃಣಾಲಳ ಮುಖ ನೋಡಲಾಗಲಿಲ್ಲ ನನಗೆ. ಅವಳು ಬೈಯಲಿಲ್ಲ, ಅಳಲಿಲ್ಲ. "ಸಿದ್ರಾಮ, ಸ್ವಚ್ಛ ಮಾಡು" ಎಂದಷ್ಟೇ ಅಂದು ಡಾಕ್ಟರರ ಕಡೆ ತಿರುಗಿ, "ಥೋಡೆ ಥಾಂಬ್ರಿ ಸರ್" ಎಂದಳು. ಸ್ವಲ್ಪ ತಡೆಯಿರಿ ಎನ್ನಲು ಹೋಗಿ, ಥಾಂಬಾ ಎನ್ನಬೇಕಾದಲ್ಲಿ ಅರ್ಧ ಮರಾಠಿ ಅರ್ಧ ಕನ್ನಡ ಬಂತು. ಅಷ್ಟು ಹೆದರಿದ್ದಳು ಹುಡುಗಿ.

ಸಿದ್ರಾಮ ಅಕ್ಕಿ ಗೋರಿದ, ಬಟ್ಟಲು ಕೊಡವಿದ, ಒರೆಸಿದ, ಗೂಡುಗಳನ್ನು ಒತ್ತಿ ಕೂಡಿಸಿದ. ಅಷ್ಟರಲ್ಲಿ ರಕ್ತ ಕೊಡಲು ಒಬ್ಬರು ಬೇಕಾದರು. ಹೆಂಡತಿ ಮಾಡಿದ ಕರ್ಮಕ್ಕೆ ಗಂಡನೇ ತೋಳು ಚಾಚಬೇಕಲ್ಲ, ನಾನೇ ಕುರ್ಚಿಯ ಮೇಲೆ ಕೂತೆ. ನನ್ನ ರಕ್ತದ ಕೊಳವೆ ಒಂದು ಕಡೆ, ನೀರಿನ ಕೊಳವೆ ಎದುರು ಕಡೆ. ತಕ್ಕಡಿಯಲ್ಲಿ ತೂಗಿ ಸರಿಮಾಡಿ ಇಟ್ಟರು. ಯಂತ್ರ ಗುಂಯ್ ಎಂದಿತು. ಆಮೇಲೆ ಗಡಗಡ ಎಂದಿತು. ಮೇಜು ನಡುಗಿತು, ಮೇಲಿನ ಬಾಟಲಿಗಳೆಲ್ಲ ಒಂದಕ್ಕೊಂದು ಹಲ್ಲು ಕಡಿದವು. ಯಂತ್ರ ಟೂಂ ಟೂಂ ಎಂದು ಒದರಿ ನಿಂತುಬಿಟ್ಟಿತು. ತೂಕ ಸರಿಯಿಲ್ಲ ಎಂದು ಕೆಂಪಕ್ಷರದಲ್ಲಿ ಬಂತು.

"ಇಷ್ಟೊತ್ತಿಗೆ ಈ ರಕ್ತ ಕೆಟ್ಟಿರತೈತಿ. ಹೊಸಾದ ತಗೀರಿ" ಎಂದರು ಡಾಕ್ಟರ್, ಈಗ ನಮ್ಮ ಕನ್ನಡದಲ್ಲೇ.

ಹೊಸದು ಎಲ್ಲಿಂದ ಬರಬೇಕು? ನನ್ನ ಇನ್ನೊಂದು ತೋಳಿನಿಂದ. ಮತ್ತೆ ತೂಗಿದರು, ಮತ್ತೆ ಇಟ್ಟರು, ಮತ್ತೆ ಗಡಗಡ, ಮತ್ತೆ ಟೂಂ ಟೂಂ. ಮೃಣಾಲ ಕೊಳವೆಗಳನ್ನು ಅದಲುಬದಲು ಮಾಡಿ ನೋಡಿದಳು, ಮೇಜಿನ ಕಾಲು ಅಲುಗಾಡಿಸಿ ನೋಡಿದಳು. ಯಂತ್ರ ಜಗ್ಗಲಿಲ್ಲ. ಕೊಲ್ಹಾಪುರದಿಂದ ಅದನ್ನು ತಂದು ಜೋಡಿಸಿದ ದತ್ತಾನಿಗೆ ಫೋನು ಹಚ್ಚಿದರೆ ಅವನು ಎಲ್ಲೋ ಘಾಟಿನಲ್ಲಿದ್ದ, ಮಾತು ತುಂಡುತುಂಡಾಗಿ ಬಂತು. ಡಾಕ್ಟರ್ ಕೇದಾರ ಗಡಿಯಾರ ನೋಡಿದರು. "ಮತ್ತೊಮ್ಮೆ ನೋಡೋಣಂತ" ಎಂದು ಎದ್ದೇಬಿಟ್ಟರು. ಮತ್ತೊಮ್ಮೆ ಎಂದರೆ ಯಾವಾಗ ಎಂಬುದು ಹೆಣ್ಣು ನೋಡಲು ಬಂದವರು ಹಾಗೆ ಹೇಳಿಹೋದದ್ದನ್ನು ಕಂಡವರಿಗೆಲ್ಲ ಗೊತ್ತು.

"ಒಂದ ನಿಮಿಷ ಕೂಡ್ರಿ ಡಾಕ್ಟರ. ನನ್ನ ಎರಡ ತೋಳ ತಗೊಂಡೀರಿ, ಒಂದ ಚಹಾ ಆದ್ರೂ ತಗೊಂಡ ಹೋಗ್ರಿ" ಎಂದು ನಾನು ಗೋಗರೆದು ಅವರನ್ನು ಕೂಡಿಸಿ, ಎರಡೂ ತೋಳುಗಳ ಹತ್ತಿ ಒತ್ತಿಕೊಂಡು ಮೇಲೆ ಓಡಿದೆ.

ಅಡುಗೆಮನೆಯಲ್ಲಿ ಮಂಗಲ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಮೆಟ್ಟಿಲು ಹತ್ತುತ್ತ ಬಾಯಿಗೆ ತಂದುಕೊಂಡಿದ್ದ ಬೈಗುಳವನ್ನೆಲ್ಲ ಅವಳನ್ನು ನೋಡಿದೊಡನೆ ನುಂಗಿಬಿಟ್ಟೆ. "ಎರಡ ಸರ್ತೆ ಕುಣೀತ. ತೂಕ ಬರೋಬರ ಇಲ್ಲ ಅಂತೈತಿ. ಎಲ್ಲಾ ತಗದಾರ, ಆದರೂ ಕೇಳವೊಲ್ದು. ಡಾಕ್ಟರ ಹೊಂಟಾನ" ಎಂದೆ.

ಅವಳು ಕಣ್ಣೊರೆಸಿಕೊಂಡು ಎದ್ದಳು. "ಎಷ್ಟ ಅಡಿಕಿ ಸಿಕ್ಕೂ?"

"ಅಡಿಕಿ ಎಣಸಾಕ ಯಾರಿಗೆ ಪುರಸೊತ್ತ ಐತಿ?"

"ನನಗೈತಿ" ಎಂದು ಅವಳು ನನ್ನನ್ನು ಬದಿಗೆ ಸರಿಸಿ ಕೆಳಗಿಳಿದಳು.

ಲ್ಯಾಬಿನ ಮೂಲೆಯಲ್ಲಿ ಸಿದ್ರಾಮ ಗೋರಿಟ್ಟ ತಟ್ಟೆಯನ್ನು ಎಳೆದುಕೊಂಡು, ಡಾಕ್ಟರರ ಎದುರಿಗೇ ನೆಲದ ಮೇಲೆ ಕೂತು ಅಕ್ಕಿಯಲ್ಲಿ ಕೈಯಾಡಿಸಿದಳು. ಅರಿಸಿನ ಬೇರು ಐದು. ಉತ್ತತ್ತಿ ಐದು. ಖೊಬ್ಬರಿ ಬಟ್ಟಲು ಒಂದು. ಅಡಿಕೆ ನಾಲ್ಕು. ಮತ್ತೊಮ್ಮೆ ಅಕ್ಕಿ ಕೆದರಿದಳು. ನಾಲ್ಕೇ.

"ಉಡಿ ಒಳಗ ನಾಲ್ಕ ಅಡಿಕಿ ಯಾರಾರ ಹಾಕತಾರೇನ? ಐದ ಹಾಕೇನಿ" ಎಂದಳು ಮೃಣಾಲಳ ಮುಖ ನೋಡದೆ. "ಇನ್ನೊಂದ ಒಳಗ ಐತಿ."

ಸಿದ್ರಾಮ ಲಗುಬಗೆಯಿಂದ ಗೂಡುಗಳನ್ನು ಕಿತ್ತು ಬಟ್ಟಲುಗಳೊಳಗೆ ಬೆರಳಾಡಿಸಿದ. ಮೂರನೆಯ ಬಟ್ಟಲಲ್ಲಿ ಅವನ ಬೆರಳು ನಿಂತಿತು. ನಮ್ಮ ಗಾಣದ ಬೆಲ್ಲ ಮೊದಲೇ ಜಿಗುಟು; ಅದರ ಒಂದು ಚೂರಿಗೆ ಅಡಿಕೆ ಅಂಟಿ, ತಂಪಿಗೆ ಎರಡೂ ಕಲ್ಲಾಗಿ, ಕಪ್ಪು ಬಟ್ಟಲಿನ ತಳಕ್ಕೆ ಕಚ್ಚಿಕೊಂಡು ಕೂತಿದ್ದವು. ಮೇಲೆ ಗೂಡು ಒತ್ತಿದ್ದರಿಂದ ಯಾರಿಗೂ ಕಂಡಿರಲಿಲ್ಲ. ಬಿಸಿನೀರು ಹಾಕಿ ಕಿತ್ತ ಮೇಲೆ ಸಿದ್ರಾಮ ಅದನ್ನು ಮಂಗಲಳ ಅಂಗೈಯಲ್ಲಿ ಇಟ್ಟ. ಅವಳು ಅದನ್ನು ಉಳಿದ ನಾಲ್ಕರ ಜೊತೆ ಸೇರಿಸಿದಳು.

ಬಟ್ಟಲು ಒರೆಸಿ, ಯಂತ್ರ ಮತ್ತೆ ತಂಪಾಗುವ ತನಕ ಡಾಕ್ಟರ್ ಕೇದಾರ ಚಹಾ ಕುಡಿದರು. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ನನಗೆ ಮೂರನೆಯ ತೋಳು ಇರಲಿಲ್ಲ. ಮೊದಲನೆಯದನ್ನೇ ಮತ್ತೆ ಚಾಚಿದೆ. ಸಿದ್ರಾಮ ಎದುರಿಗೆ ಇಡಲು ನೀರಿನ ಕೊಳವೆ ಎತ್ತಿಕೊಂಡ.

"ಅವರ ಎದರಿಗೆ ನೀರ ಯಾಕೋ?" ಎಂದಳು ಮಂಗಲ. "ನಾ ಇಲ್ಲೇನ?"

ಸೂಜಿ ಎಂದರೆ ಮಾರು ದೂರ ಓಡುವ ಹೆಂಗಸು ಇವಳು. ಸ್ವಂತ ಸೊಸೆ ಲ್ಯಾಬ್ ಇಟ್ಟರೂ ಒಂದು ದಿನ ಬೆರಳು ಚುಚ್ಚಿಸಿಕೊಂಡವಳಲ್ಲ. ಈಗ ಕುರ್ಚಿಯ ಮೇಲೆ ಕೂತು ತೋಳು ಕೊಟ್ಟು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಣಮೋಕಾರ ಮಂತ್ರ ಹೇಳತೊಡಗಿದಳು. ಮೃಣಾಲ ಸೂಜಿ ಚುಚ್ಚಿ ರಕ್ತ ತೆಗೆದಳು. ನನ್ನ ಕೊಳವೆ ಇತ್ತ, ಅವಳ ಕೊಳವೆ ಅತ್ತ. ತೂಕ ಬರೋಬರ.

ಯಂತ್ರ ಗುಂಯ್ ಎಂದಿತು. ಗಡಗಡ ಎನ್ನಲಿಲ್ಲ. ಜೇನುಹುಳದ ಹಾಗೆ ಒಂದೇ ರಾಗ ಹಿಡಿದು ತಿರುಗತೊಡಗಿತು.

ಸಿದ್ರಾಮನ ನಾಲಗೆಗೆ ಜೀವ ಬಂತು. "ಅಮ್ಮಾರ, ಗಂಡಾ ಹೆಂಡತಿ ಕೂಡಿ ತಿರಗಾಕತ್ತೀರಿ. ಒಡಪ ಹೇಳದಿದ್ರ ಮುಚ್ಚಳಾ ತಗಿಯಂಗಿಲ್ಲ ನೋಡ್ರಿ."

ಗಂಡನ ಹೆಸರನ್ನು ಒಡಪಿನ ಪ್ರಾಸದೊಳಗಲ್ಲದೆ ಬಾಯಿಗೆ ತರದವಳು ಮಂಗಲ. ಡಾಕ್ಟರರ ಎದುರು ನಾಚುತ್ತಾಳೆ ಎಂದುಕೊಂಡೆ. ಅವಳು ತೋಳಿನ ಹತ್ತಿ ಒತ್ತಿಕೊಂಡೇ, ಯಂತ್ರದ ಕಡೆ ನೋಡುತ್ತ ಹೇಳಿದಳು:

"ತಣ್ಣನ ಮಿಷಿನ್ಯಾಗ ಗರಗರ ಗಾಲಿ,
ಅವರ ಎದರಿಗೆ ನಾ ಕುಂತೇನಿ, ಜಾಗಾ ಇಲ್ಲ ಖಾಲಿ,
ಜಿನಗೊಂಡರ ಹೆಸರ ಹೇಳ್ತೇನಿ, ಸೊಸಿ ನಮ್ಮನ್ಯಾಗ ಇರಲಿ."

ಮೃಣಾಲ ಗೋಡೆಯ ಕಡೆ ತಿರುಗಿ ನಿಂತಳು.

ಯಂತ್ರ ತಾನಾಗಿ ನಿಂತಿತು. ಮೃಣಾಲ ಕೊಳವೆಗಳನ್ನು ತೆಗೆದು ಬೆಳಕಿಗೆ ಹಿಡಿದಳು. ಎರಡರಲ್ಲೂ ಕೆಂಪು ತಳಕ್ಕೆ ಇಳಿದಿತ್ತು, ಮೇಲೆ ತಿಳಿ ಹಳದಿ. ಡಾಕ್ಟರ್ ಕೇದಾರ ಎರಡನ್ನೂ ಬಹಳ ಹೊತ್ತು ನೋಡಿದರು.

"ಇದರಾಗ ಯಜಮಾನ್ರದ ಯಾವದ?" ಎಂದು ಕೇಳಿದರು.

"ನನ್ನ ಎಡಗೈಯಾಗಿಂದ್ರಿ" ಎಂದಳು ಮೃಣಾಲ.

"ಯಜಮಾನಿದ ಹೆಚ್ಚ ತಿಳಿ ಐತಿ" ಎಂದು ಹೇಳಿ, ಆ ಮನುಷ್ಯ ನಕ್ಕುಬಿಟ್ಟರು. ಸಣ್ಣ ನಗೆಯಲ್ಲ, ಕನ್ನಡಕ ತೆಗೆದು ಒರೆಸಿಕೊಳ್ಳುವಂಥ ನಗೆ. "ಇವತ್ತಿಂದನ ಸ್ಯಾಂಪಲ್ ಕಳಸ್ತೇನಿ, ಡಾಕ್ಟರ. ಆದರ ಅಡಿಕಿ ಮಾತ್ರ ಬ್ಯಾಡ."

ಅವರು ಹೋದ ಮೇಲೆ ಮೃಣಾಲ ಅತ್ತೆಯ ಎದುರು ನೆಲದ ಮೇಲೆ ಕೂತಳು. "ಮುಟ್ಟಬ್ಯಾಡ ಅಂತ ಹೇಳಿದ್ನೆಲ್ಲ ಅತ್ತಿ, ಯಾಕ ಮಾಡಿದ್ರಿ?"

"ಮನಿ ಬಿಟ್ಟ ಹೋಗೋ ಹೆಣ್ಮಗಳಿಗೆ ಉಡಿ ತುಂಬಿ ಕಳಸ್ತಾರ" ಎಂದಳು ಮಂಗಲ. "ನೀ ಕೊಲ್ಹಾಪುರಕ್ಕ ಹೊಂಟರ ನಿನಗ ತುಂಬಬೇಕಾಗ್ತಿತ್ತ. ನನ್ನ ಕೈಲೆ ಆಗೂದಿಲ್ಲವಾ ಅದು. ಅದಕ್ಕ ಬಂದಾಕಿಗೆ ಮೊದಲ ತುಂಬೇನಿ, ನಿನ್ನ ಹಿಡದ ಇಟ್ಟಕೊಳ್ಳಲಿ ಅಂತ."

ಬೈಯಬೇಕೆಂದು ಕೂತಿದ್ದ ಮೃಣಾಲ ಬೈಯದೆ ಅವಳ ತೋಳಿನ ಹತ್ತಿ ಬದಲಿಸಿದಳು. ಉಡಿಯ ಅಕ್ಕಿಯನ್ನು ಮಾಳಿಗೆಯ ಮೇಲೆ ಗುಬ್ಬಿಗಳಿಗೆ ಹಾಕುವುದೆಂದು ಅತ್ತೆ-ಸೊಸೆ ನಡುವೆ ಒಪ್ಪಂದವಾಯಿತು.

ಸಂಜೆ ಕಿಡಕಿಯಲ್ಲಿ ಬಿಸಿಲು ಕೆಂಪಾಗುವ ಹೊತ್ತಿಗೆ ಮೂರು ತಾಟು ಹಾಕಿತ್ತು. ಎಣ್ಣೆಗಾಯಿ ಪಲ್ಲೆ, ಜೋಳದ ಭಕ್ರಿ, ಮೇಲೆ ಶೇಂಗಾ ಹೋಳಿಗೆ. ಮೃಣಾಲ ಕೈ ತೊಳೆದುಕೊಂಡು ಕೂಡುವುದಕ್ಕೂ, ಕೆಳಗೆ ಮೋಟಾರ್ ಸೈಕಲ್ ನಿಲ್ಲುವುದಕ್ಕೂ ಸರಿಹೋಯಿತು. ಇಚಲಕರಂಜಿಯಿಂದ ಬರ್ಫದ ಡಬ್ಬಿ ಬಂದಿತ್ತು. ಒಳಗೆ ಬೆರಳಿನಷ್ಟು ಕೊಳವೆ, ಹುಟ್ಟಿ ವಾರವೂ ಆಗದ ಕೂಸಿನ ರಕ್ತ. ಅವಳು ತಾಟು ಬಿಟ್ಟು ಓಡಿದಳು.

ಮಂಗಲ ಕಿಡಕಿಯಲ್ಲಿ ನಿಂತಳು. ಒಮ್ಮೆ ಸೂರ್ಯನನ್ನು ನೋಡುವಳು, ಒಮ್ಮೆ ಮೆಟ್ಟಿಲನ್ನು. ಕೆಳಗೆ ಯಂತ್ರದ ಜೇನುರಾಗ ಕೇಳಿಸುತ್ತಿತ್ತು. ಸೊಸೆಯನ್ನು ಪಂಕ್ತಿಯಲ್ಲಿ ಉಳಿಸಲೆಂದು ಬಂದದ್ದೇ ಮೊದಲ ದಿನವೇ ಅವಳನ್ನು ಪಂಕ್ತಿಯಿಂದ ಎಬ್ಬಿಸಿತ್ತು. ನಾನು ಇದನ್ನು ಹೇಳಿ ನಗಬೇಕೆಂದಿದ್ದೆ. ಅವಳ ಮುಖ ನೋಡಿ ಬಿಟ್ಟೆ.

"ನೀವು ಉಣ್ರಿ" ಎಂದು ಹೇಳಿ ಅವಳು ಕೆಳಗಿಳಿದಳು.

ನಾನು ಉಂಡೆ. ಮೂರು ಸಲ ರಕ್ತ ಕೊಟ್ಟವನು, ಹೋಳಿಗೆ ಬೇಡ ಎನ್ನುವ ಸ್ಥಿತಿ ನನ್ನದಲ್ಲ. ಕೈ ತೊಳೆದು ಕೆಳಗೆ ಹೋಗುವಾಗ ಓಣಿಯಲ್ಲಿ ದೀಪ ಹತ್ತಿತ್ತು. ತಪಾಸಣೆ ಮುಗಿದು ಆಸ್ಪತ್ರೆಗೆ ಫೋನು ಹೋಗಿತ್ತು. ಕೂಸಿಗೆ ಏನು ಔಷಧ ಬೇಕೆಂದು ಡಾಕ್ಟರರಿಗೆ ವೇಳೆ ಇರುವಾಗಲೇ ತಿಳಿದಿತ್ತು. ಲ್ಯಾಬಿನ ಮೆಟ್ಟಿಲ ಮೇಲೆ ಅತ್ತೆ-ಸೊಸೆ ಒತ್ತಿಕೊಂಡು ಕೂತಿದ್ದರು.

"ಅತ್ತಿ, ನೀವಾರ ಉಣ್ಣಬೇಕಿತ್ತ. ನನ್ನ ಸಲುವಾಗಿ ಯಾಕ ಮುಂಜಾನಿ ತನಕ ಉಪವಾಸ?" ಎನ್ನುತ್ತಿದ್ದಳು ಮೃಣಾಲ.

"ಒಂದ ಕಡೆ ಖಾಲಿ ಇದ್ದಾಗ ಇನ್ನೊಂದ ಕಡೆ ತುಂಬಿರಬಾರದ. ಬರೋಬರ ಇರಬೇಕ, ಇಲ್ಲಂದ್ರ ಕುಣಿತೈತಿ ಅಂತ ನಿನ್ನ ಸಿದ್ರಾಮನ ಹೇಳ್ಯಾನಲಾ" ಎಂದಳು ಮಂಗಲ.

ಹೊಟ್ಟೆ ತುಂಬ ಹೋಳಿಗೆ ಉಂಡು ಬಂದಿದ್ದ ನಾನು, ಯಾರ ಕಡೆ ಕೂಡಬೇಕೆಂದು ತಿಳಿಯದೆ ಅಲ್ಲೇ ಬಾಗಿಲಲ್ಲಿ ನಿಂತುಕೊಂಡೆ.